ಬರುವ ಸೋಮವಾರದ ಬಸ್ಸು

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕಟ್ಟಿಸಿಕೊಂಡರೆ ನಾನು ಭಜಿ ಆಮೇಲೆ ತಿನ್ನುತ್ತೇನೆ, ಮೊದಲು ಕಾಗದ ಓದುತ್ತೇನೆ. ಎಣ್ಣೆ ಹೀರಿದ ಪೇಪರಿನಲ್ಲಿ ಹಿಂದಿನ ಪುಟದ ಅಕ್ಷರಗಳು ಮುಂದಕ್ಕೆ ಮೂಡಿ, ವಧು ಬೇಕಾಗಿದ್ದಾಳೆ ಎಂಬುದೂ ಯಾರದೋ ನಿಧನವಾರ್ತೆಯೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ನನಗೆ ಅದರಿಂದ ತೊಂದರೆಯಾಗುವುದಿಲ್ಲ. ನನ್ನ ತಲೆಯೊಳಗೂ ಸಂಗತಿಗಳು ಹಾಗೆಯೇ ಒಂದರ ಮೇಲೊಂದು ಕೂತಿರುತ್ತವೆ. ಜೊತೆಯವರು "ಟೀಚರ್, ಆರತಾವ, ತಿನ್ರಿ" ಎಂದು ಗದರಿಸುತ್ತಿದ್ದರೂ ನಾನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ತಾರೀಖು ಹುಡುಕುತ್ತಿರುತ್ತೇನೆ. ಅದು ಸಿಕ್ಕುವುದಿಲ್ಲ. ಭಜಿಯವನು ಪೇಪರನ್ನು ಎಲ್ಲಿ ಹರಿಯುತ್ತಾನೋ ತಾರೀಖು ಅಲ್ಲಿಯೇ ಇರುತ್ತದೆ.

ಈ ಚಟ ಅಪ್ಪನಿಂದ ಬಂದದ್ದು. ಇಂಡಿ ತಾಲೂಕಿನ ತಾಂಬಾದಲ್ಲಿ ಅಪ್ಪ ಪೋಸ್ಟ್ ಮಾಸ್ತರರಾಗಿದ್ದರು. ಊರಿನವರ ಪತ್ರಗಳನ್ನೆಲ್ಲ ಹಂಚಿಸುವ ಮನುಷ್ಯ ತನ್ನ ಮನೆಗೆ ಮಾತ್ರ ಪೇಪರ್ ಹಾಕಿಸಲಿಲ್ಲ. "ದುಡ್ಡ ಕೊಟ್ಟು ಯಾಕ ತಗೋಬೇಕು? ಚುರಮರಿ ಕೂಡ ಪುಕ್ಕಟೆ ಬರ್ತದಲ್ಲ" ಎನ್ನುವರು. ಸಂಜೆ ಚುರಮರಿಯ ಪೊಟ್ಟಣ ಬಿಚ್ಚಿ, ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಇಸ್ತ್ರಿ ಮಾಡಿ, ಗಂಟಲು ಸರಿಪಡಿಸಿಕೊಂಡು ಓದುತ್ತಿದ್ದರು. ನಾವು ಅಕ್ಕತಂಗಿಯರು ಚುರಮರಿ ತಿನ್ನುತ್ತ ಕೇಳುತ್ತಿದ್ದೆವು. ಪ್ರಪಂಚದ ಸುದ್ದಿಗೆಲ್ಲ ಒಂದು ಉಳ್ಳಾಗಡ್ಡಿಯ ವಾಸನೆ ಇರುತ್ತದೆಂದೇ ನಾನು ಬಹಳ ದಿನ ತಿಳಿದಿದ್ದೆ.

ಒಂದು ಬೇಸಿಗೆಯಲ್ಲಿ ಅಪ್ಪ ಹೀಗೆಯೇ ಓದಿದರು: ಮುಂದಿನ ಎರಡು ದಿನ ಭಾರಿ ಗಾಳಿ, ಮಳೆ, ಎಚ್ಚರಿಕೆಯಿಂದಿರಬೇಕು. ಅವ್ವ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು. ಮನೆಮಂದಿಯೆಲ್ಲ ಓಡಿದೆವು. ಹಸಿ ಸಂಡಿಗೆಯನ್ನು ಧೋತರದ ಸಮೇತ ಎತ್ತಿ ಕೆಳಗೆ ತಂದದ್ದಾಯಿತು, ನೆರೆಯವರಿಗೆ ಕೂಗಿ ಹೇಳಿದ್ದಾಯಿತು, ಅವರೂ ತಮ್ಮ ಹಪ್ಪಳ ಇಳಿಸಿದ್ದಾಯಿತು. ಆಮೇಲೆ ಎರಡು ದಿನ ಕಾಗೆಗೂ ನೆರಳು ಸಿಗದ ಬಿಸಿಲು. ಮೂರನೆಯ ಸಂಜೆ ಅದೇ ಅಂಗಡಿಯಿಂದ ಶೇಂಗಾ ಕಟ್ಟಿಸಿ ತಂದಾಗ ಆ ಸುದ್ದಿಯ ಉಳಿದರ್ಧ ಸಿಕ್ಕಿತು: ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ತಾಂಬಾದಿಂದ ಸಮುದ್ರ ಎಷ್ಟು ದೂರವೋ ಆ ದೇವರಿಗೇ ಗೊತ್ತು. ಒಂದಕ್ಕೊಂದು ಮೆತ್ತಿಕೊಂಡ ಸಂಡಿಗೆಯನ್ನು ಬಿಡಿಸುತ್ತಿದ್ದ ಅವ್ವ, ಸಿಟ್ಟು ಬಂದಾಗ ತವರಿನ ಮರಾಠಿಗೆ ಹೋಗುವವಳು, ತಲೆ ಎತ್ತದೆ ಒಂದೇ ಮಾತು ಅಂದಳು: "ಅಹೋ, ಆಧೀ ತಾರೀಖ ಬಘಾ." ಏನ್ರೀ, ಮೊದಲು ತಾರೀಖು ನೋಡಿ.

ಆ ಮಾತು ಮನೆಯಲ್ಲಿ ಗಾದೆಯಂತೆ ಉಳಿಯಿತು. ಗಂಡು ನೋಡಲು ಬಂದಾಗಲೂ ಅಂದರು, ಔಷಧ ಕುಡಿಯುವಾಗಲೂ ಅಂದರು. ಅಪ್ಪ ಮಾತ್ರ ಕೊನೆತನಕ ತಾರೀಖು ನೋಡದೆಯೇ ಓದಿದರು, ಸುಖವಾಗಿಯೇ ಇದ್ದರು. ನನಗೆ ಅಪ್ಪನ ನಂಬುವ ಬುದ್ಧಿಯೂ ಅವ್ವನ ಸಂಶಯವೂ ಸಮಸಮ ಬಂದು, ಯಾವುದೊಂದನ್ನೂ ಪೂರಾ ಮಾಡಲಾಗದ ಹೆಂಗಸಾಗಿದ್ದೇನೆ. ಬಂದ ಸುದ್ದಿಯನ್ನು ಮೊದಲು ನಂಬುತ್ತೇನೆ, ಸಂಶಯ ಆಮೇಲೆ ಬರುತ್ತದೆ. ಆಮೇಲೆ ಸಂಶಯಪಟ್ಟದ್ದೇ ತಪ್ಪೇನೋ ಎನಿಸುತ್ತದೆ.

ಇಂಥವಳಿಗೆ ಗ್ರಂಥಾಲಯ ಒಪ್ಪಿಸಿದರು.

ಸಿಂದಗಿಯಿಂದ ಯಂಕಂಚಿಯ ಕಡೆ ಹೋಗುವಾಗ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ನಿಮಗೇ ತಿಳಿಯುತ್ತದೆ. ನಮ್ಮ ಗ್ರಂಥಾಲಯವೆಂದರೆ ವಿಜ್ಞಾನದ ಕೋಣೆಯಲ್ಲಿ, ಬಿಸಿಯೂಟದ ತೊಗರಿಬೇಳೆ ಚೀಲಗಳ ಪಕ್ಕದಲ್ಲಿ ನಿಂತಿರುವ ಒಂದು ಕಬ್ಬಿಣದ ಕಪಾಟು. ಅದಕ್ಕೆ ದೊಡ್ಡ ಕೀಲಿ. ಕೀಲಿಕೈ ಹೆಡ್‌ಮಾಸ್ತರರ ಜನಿವಾರಕ್ಕೋ ಉಡದಾರಕ್ಕೋ ಕಟ್ಟಿದೆಯೆಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ಅವರು ಕೆಟ್ಟವರಲ್ಲ. "ಪುಸ್ತಕ ಹುಡುಗ್ರ ಕೈಯಾಗ ಕೊಟ್ರ ಹರೀತಾವ್ರಿ ಟೀಚರ್. ಒಳಗ ಇದ್ರ ಚಂದ ಇರ್ತಾವು" ಎಂದು ಅವರ ನಂಬಿಕೆ. ಹಾಗಾಗಿ ನಮ್ಮಲ್ಲಿ ಪುಸ್ತಕಗಳು ಬಹಳ ಚಂದ ಇದ್ದವು.

ಆ ಕಪಾಟಿನ ಮುಂದೆ ನಿಂತು ಪುಸ್ತಕ ಕೇಳುವ ಧೈರ್ಯ ಮಾಡಿದ್ದು ಹತ್ತನೆಯ ತರಗತಿಯ ಸುಜಾತಾ ಒಬ್ಬಳೇ. ಅವಳ ಅಪ್ಪ ಭೀಮಶಿ ಗೌಂಡಿ ಕೆಲಸ ಮಾಡುತ್ತಾನೆ, ನಮ್ಮ ಶಾಲೆಯ ಕಂಪೌಂಡ್ ಗೋಡೆ ಕಟ್ಟಿದವನು ಅವನೇ. ಹುಡುಗಿ ಮಾತು ಕಡಿಮೆ. ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಉತ್ತರ, ಅದರ ಮೇಲೆ ಒಂದು ಅಕ್ಷರವಿಲ್ಲ. ಉತ್ತರಪತ್ರಿಕೆಯಲ್ಲಿಯೂ ಹಾಗೆಯೇ ಬರೆದು ಒಳ್ಳೆಯ ಅಂಕ ತೆಗೆದು ಪಾಸಾದಳು. ಸಿಂದಗಿಗೆ ಹೋಗಿ ಪಿಯುಸಿ ಓದುವ ಆಸೆ ಅವಳದು. ಆದರೆ ಬೆಳಿಗ್ಗೆ ಊರಿನಿಂದ ಸಿಂದಗಿಗೆ ಹೋಗುವ ಬಸ್ಸು ಬರುವುದೇ ಕಾಲೇಜಿನಲ್ಲಿ ಎರಡು ಪಿರಿಯಡ್ ಮುಗಿದ ಮೇಲೆ. "ಬಸ್ ಇದ್ರ ಕಣ್ಣ ಮುಚ್ಚಿ ಕಳಸ್ತಿದ್ದೆ ಟೀಚರ್. ದಿನಾ ಹೆಣ್ಮಗಳನ್ನ ಯಾರ ಗಾಡಿ ಮ್ಯಾಲೆ ಹತ್ತಸಲಿ? ಹಾಸ್ಟೆಲ್ ಅಂದ್ರ ಆಕಿ ಅವ್ವ ಅಳಾಕ ಕುಂದರತಾಳ" ಎಂದು ಭೀಮಶಿ ಶಾಲೆಗೇ ಬಂದು ಹೇಳಿ ಹೋಗಿದ್ದ. ಸುಜಾತಾ ಪಕ್ಕದಲ್ಲಿ ನಿಂತು ಕಂಪೌಂಡ್ ಗೋಡೆ ನೋಡುತ್ತಿದ್ದಳು.

ಇದು ಹೀಗಿರುವಾಗ ವಿಜಯಪುರದಲ್ಲಿ ನಮಗೊಂದು ತರಬೇತಿ. ವಿಷಯದ ಹೆಸರು ಮಾಹಿತಿ ಸಾಕ್ಷರತೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆಯಿಂದ ಶಿಕ್ಷಕರು ಬಂದಿದ್ದರು. ತರಬೇತಿ ಕೊಟ್ಟ ತರುಣ ಬಹಳ ತಿಳಿದವನು. ಗ್ರಂಥಾಲಯವೆಂದರೆ ಪುಸ್ತಕದ ಗೋದಾಮಲ್ಲ, ಮಕ್ಕಳಿಗೆ ಮಾಹಿತಿ ಹುಡುಕುವುದನ್ನೂ ತೂಗಿ ನೋಡುವುದನ್ನೂ ಕಲಿಸುವ ಜಾಗ ಎಂದ. ಯಾವ ಸುದ್ದಿ ಬಂದರೂ ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತು, ನನ್ನ ಮುಂದಿರುವುದು ಪೂರಾ ಸುದ್ದಿಯೋ ಅಥವಾ ಒಂದು ತುಂಡೋ ಎಂದು ಕೇಳಿಸಬೇಕು ಎಂದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನೂ ಹೇಳಿದ. ನನಗೆ ಸಂಡಿಗೆ ನೆನಪಾಗಿ ನಗು ಬಂತು. ಇಷ್ಟು ದೊಡ್ಡ ಪರದೆಯ ಮೇಲೆ ಬೆಳಕು ಬಿಟ್ಟು ಹೇಳಿದ್ದನ್ನು ಅವ್ವ ಮೆತ್ತಿದ ಸಂಡಿಗೆ ಬಿಡಿಸುತ್ತ ಹೇಳಿ ಮುಗಿಸಿದ್ದಳು. ಹಿಂದಿನಿಂದ ಮುದ್ದೇಬಿಹಾಳದ ಮಾಸ್ತರರೊಬ್ಬರು ಎದ್ದು "ಸರ್, ಇದಕ್ಕ ಮಾರ್ಕ್ಸ್ ಎಷ್ಟ್ರಿ?" ಎಂದು ಕೇಳಿದರು. ಇಲ್ಲವೆಂದಾಗ ಅರ್ಧ ಸಭೆ ಪೆನ್ನಿನ ಮುಚ್ಚಳ ಹಾಕಿತು. ಕೊನೆಗೆ ನಮ್ಮೆಲ್ಲರದೊಂದು ವಾಟ್ಸಾಪ್ ಗುಂಪು ಮಾಡಿ ಊಟಕ್ಕೆ ಬಿಟ್ಟರು.

ನಾನು ಮಾತ್ರ ಉತ್ಸಾಹದಿಂದ ಉಬ್ಬಿ ಬಂದೆ. ಕೀಲಿಕೈಯನ್ನು ಹೆಡ್‌ಮಾಸ್ತರರಿಂದ ಹೇಗೋ ಇಸಿದುಕೊಂಡು ಸೆರಗಿಗೆ ಕಟ್ಟಿಕೊಂಡೆ. ಹೊಸ ಪುಸ್ತಕಗಳ ಒಂದು ಕಟ್ಟೂ ಆಗಲೇ ಬಂದಿತ್ತು, ಅದನ್ನು ಬಿಚ್ಚಿ ಕಪಾಟಿನಲ್ಲಿ ಜೋಡಿಸಿದೆ. ಜೂನ್ ತಿಂಗಳು, ಶಾಲೆ ಆಗ ತಾನೇ ಶುರುವಾಗಿತ್ತು. ಮಕ್ಕಳಿಗೆ ಒಂದು ಪರೀಕ್ಷೆ ಒಡ್ಡೋಣವೆಂದು ಗೇಟಿನ ಹತ್ತಿರ ಬೇವಿನ ಮರದ ಕೆಳಗಿರುವ ಕರಿಹಲಗೆಯ ಮೇಲೆ ದುಂಡಗೆ ಬರೆದೆ. ಎಲ್ಲಕ್ಕೂ ಮೇಲೆ: ಇವುಗಳಲ್ಲಿ ಒಂದು ಸುಳ್ಳು. ಯಾವುದು? ಹೇಗೆ ಗೊತ್ತು? ಅದರ ಕೆಳಗೆ ಮೂರು ಮಾತು. ತಾಂಬಾ ಊರು ಇಂಡಿ ತಾಲೂಕಿನಲ್ಲಿದೆ. ನಮ್ಮ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಬಂದಿವೆ. ಬರುವ ಸೋಮವಾರದಿಂದ ಬೆಳಿಗ್ಗೆ ಎಂಟಕ್ಕೆ ನಮ್ಮೂರಿನಿಂದ ಸಿಂದಗಿಗೆ ಹೊಸ ಬಸ್ಸು ಹೊರಡುತ್ತದೆ.

ಬಸ್ಸಿನ ಸುಳ್ಳನ್ನೇ ಏಕೆ ಆರಿಸಿದೆ ಎಂದರೆ, ಅದನ್ನು ಯಾರೂ ನಂಬುವುದಿಲ್ಲ ಎಂಬ ಭರವಸೆ ನನಗಿತ್ತು. ಊರವರು ಎಷ್ಟೋ ವರ್ಷದಿಂದ ಬಸ್ಸು ಕೇಳಿ ಕೇಳಿ ಬೇಸತ್ತಿದ್ದರು. ಆದರೆ ನಾನು ಸಿಂದಗಿಯಲ್ಲಿದ್ದು ಬಂದು ಹೋಗುವವಳು. ಆ ಕರಿಹಲಗೆಯ ಮಹಿಮೆ ನನಗೆ ಗೊತ್ತಿರಲಿಲ್ಲ. ರೇಷನ್ ಯಾವತ್ತು, ಪೋಲಿಯೊ ಹನಿ ಯಾವತ್ತು, ಲೈಟು ಯಾವ ಹೊತ್ತು ಇರುವುದಿಲ್ಲ, ಎಲ್ಲವನ್ನೂ ಪಂಚಾಯಿತಿಯವರು ಅಲ್ಲಿಯೇ ಬರೆಸುತ್ತಾರೆ. ಹೊಲಕ್ಕೆ ಹೋಗುವವರು ಅದರ ಮುಂದೆ ಒಂದು ಗಳಿಗೆ ನಿಂತೇ ಹೋಗುತ್ತಾರೆ. ಮೇಲಿನ ಸಾಲನ್ನು ಅವರು ಓದುವುದಿಲ್ಲ, ಏಕೆಂದರೆ ಮೇಲಿನ ಸಾಲಿನಲ್ಲಿ ಯಾವಾಗಲೂ ಶಾಲೆಯವರ ನುಡಿಮುತ್ತು ಇರುತ್ತದೆ. ಬೇಕಾದ ಸುದ್ದಿ ಕೆಳಗಿರುತ್ತದೆ ಎಂಬುದು ಆ ಊರಿನ ರೂಢಿ.

ಶನಿವಾರ ಮಧ್ಯಾಹ್ನ ಭೀಮಶಿ ಪೇಢೆಯ ಪೊಟ್ಟಣ ಹಿಡಿದು ಬಂದ. ಬಿಳಿ ಅಂಗಿ ಹಾಕಿದ್ದ. "ಸಿಂದಗಿಗೆ ಹೋಗಿ ಆಕಿ ಹೆಸರ ಹಚ್ಚಿ ಬಂದ್ನಿ ಟೀಚರ್. ಸೈನ್ಸ್ ಅಂತ್ರಿ. ಬಸ್ ಬಿಟ್ಟಾರಲ್ಲ, ಇನ್ನ ಏನೂ ಚಿಂತಿ ಇಲ್ಲ" ಎಂದ.

"ಯಾವ ಬಸ್ಸು?" ಎಂದೆ. ನಿಜವಾಗಿಯೂ ನನಗೆ ತಲೆಗೆ ಹೊಳೆಯಲಿಲ್ಲ.

"ಸೋಮವಾರದಿಂದ ಬರ್ತೈತಲ್ರಿ. ನೀವ ಬೋರ್ಡ್ ಮ್ಯಾಲೆ ಬರದೀರಿ. ಸಿಮೆಂಟ್ ಹೊಕ್ಕು ನನ್ನ ಕಣ್ಣ ಮಂಜಾಗ್ಯಾವು, ಸುಜಾತಾ ಓದಿ ಹೇಳಿದ್ಳು."

ನನ್ನ ಬಾಯಲ್ಲಿ ಆಗಲೇ ಅರ್ಧ ಪೇಢೆ ಇತ್ತು. ಅದು ಕರಗುವ ತನಕ ಮಾತಾಡಲು ಬರುವಂತಿರಲಿಲ್ಲ, ಕರಗಿದ ಮೇಲೆ ಮಾತು ಇರಲಿಲ್ಲ. ಅವನು ಮುಖದ ತುಂಬ ನಗುತ್ತ ಹೆಡ್‌ಮಾಸ್ತರರಿಗೆ ಪೇಢೆ ಕೊಡಲು ಹೋದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು ಎಂದು ಕೇಳಿದ್ದೆ, ಪೇಢೆಯೂ ಹಾಗಾಗುತ್ತದೆಂದು ಅವತ್ತು ತಿಳಿಯಿತು. ಹೇಳಬೇಕಿತ್ತು. ಹೇಳಿದರೆ ಹುಡುಗಿಯ ಹೆಸರು ಸೋಮವಾರದೊಳಗೆ ಕಾಲೇಜಿನಿಂದ ಹೊರಗೆ ಬರುತ್ತದೆ. ಹೇಳದಿದ್ದರೆ ಸೋಮವಾರ ಬಸ್ಸು ಬರುವುದಿಲ್ಲ, ಆಗಲೂ ಹೊರಗೇ ಬರುತ್ತದೆ. ಹೇಗೂ ಹೊರಗೇ ಬರುವುದಾದರೆ ಎರಡು ದಿನ ಒಳಗಿರಲಿ ಎಂದು ಏನೋ ಒಂದು ಲೆಕ್ಕ ಹಾಕಿ ಮನೆಗೆ ಬಂದೆ. ಆ ಲೆಕ್ಕ ಸರಿಯೋ ತಪ್ಪೋ ಈಗಲೂ ಗೊತ್ತಾಗಿಲ್ಲ.

ಮರುದಿನ ಭಾನುವಾರ. ನಮ್ಮ ಮಾಹಿತಿ ಸಾಕ್ಷರರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಕಳಿಸಿದವರು ಮಾರ್ಕ್ಸ್ ಕೇಳಿದ ಅದೇ ಮುದ್ದೇಬಿಹಾಳದ ಮಾಸ್ತರರು. ಒಂದು ಕರಿಹಲಗೆ, ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ಹೊಸ ಬಸ್ಸಿನ ಸುದ್ದಿ. ಕೆಳಗೆ ಬಸವನ ಬಾಗೇವಾಡಿಯ ಟೀಚರೊಬ್ಬರು ಕೈಮುಗಿದ ಚಿತ್ರ ಹಾಕಿ "ನಮ್ಮ ಕಡೆ ಯಾವಾಗ ಬಿಡ್ತಾರೋ" ಎಂದು ಬರೆದಿದ್ದರು. ಇಂಡಿಯವರೊಬ್ಬರು ತಮಗೂ ಈ ವಿಷಯ ಬೇರೆ ಕಡೆಯಿಂದ ಖಾತ್ರಿಯಾಗಿದೆ ಎಂದಿದ್ದರು. ನಿಮ್ಮ ಮುಂದೆ ಮುಚ್ಚುಮರೆ ಏನು, ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಅಂತೂ ಬಸ್ಸು ಬಿಟ್ಟರಲ್ಲ, ಸುಜಾತಾ ಉಳಿದುಕೊಂಡಳಲ್ಲ ಎಂದುಕೊಂಡೆ. ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿಕೊಂಡೆ. ಅರ್ಧ ಚಹಾ ಕುಡಿದ ಮೇಲೆ ಆ ಅಕ್ಷರ ಎಲ್ಲೋ ನೋಡಿದ್ದೇನೆ ಎನಿಸಿತು. ಬೇವಿನ ಮರ ಕಂಡಿತು. ಫೋಟೋ ತೆಗೆದವರು ಯಾರೋ, ಮೇಲಿನ ಸಾಲುಗಳನ್ನೆಲ್ಲ ಕತ್ತರಿಸಿದ್ದರು. ಭಜಿಯವನು ಹರಿದಂತೆ, ಸರಿಯಾಗಿ ಬೇಕಾದ ಜಾಗದಲ್ಲಿಯೇ.

ಸೋಮವಾರ ಬೆಳಿಗ್ಗೆ ಸಿಂದಗಿ ಸ್ಟ್ಯಾಂಡಿನಲ್ಲಿ ನಾನು ಹೆದರಿಕೊಂಡೇ ನಿಂತಿದ್ದೆ. ಎದುರಿಗೆ ಮಲ್ಲುವಿನ ಟಂಟಂ ಬಂದು ನಿಂತಿತು. ಮಲ್ಲು ಆ ಊರಿನವನೇ. ತನ್ನ ಮೂರು ಗಾಲಿಯ ಗಾಡಿಯನ್ನು ಊಟ, ಎಲೆಯಡಿಕೆ ಎಲ್ಲ ಮುಗಿಸಿ ಹನ್ನೊಂದರ ಮೇಲೆ ತೆಗೆಯುವ ಆಸಾಮಿ. ಆ ಹೊತ್ತಿಗೆ ಅವನನ್ನು ಅಲ್ಲಿ ಕಂಡದ್ದೇ ಒಂದು ಆಶ್ಚರ್ಯ. ಒಳಗಿನಿಂದ ಇಳಿದದ್ದು ಸುಜಾತಾ ಮತ್ತು ಅವಳ ಓಣಿಯ ಇನ್ನೂ ಕೆಲವು ಹುಡುಗಿಯರು. ಹೊಸ ಚೀಲ, ಎಣ್ಣೆ ಹಚ್ಚಿ ಹೆಣೆದ ಜಡೆ. "ಬರ್ತೇನ್ರಿ ಟೀಚರ್" ಎಂದು ಕಾಲೇಜಿನ ಕಡೆ ಹೋದಳು.

"ಏನು ಮಲ್ಲು, ಇಷ್ಟು ಬೇಗ?" ಎಂದೆ.

"ಮತ್ತೇನ್ ಮಾಡೂದ್ರಿ? ಎಂಟಕ್ಕ ಬಸ್ ಬರ್ತೈತಂತ. ಹೆಣ್ಮಕ್ಕಳಿಗಿ ಪುಕ್ಕಟೆ ಬ್ಯಾರೆ. ಅದು ಬಂದು ಗಿರಾಕಿ ಹತ್ತಿಸ್ಕೊಂಡು ಹ್ವಾದ್ರ ನಾ ಟಂಟಂ ಮಾರಿ ಎಮ್ಮಿ ಕಟ್ಟಬೇಕಾಗ್ತೈತಿ. ಅದಕ್ಕ ಏಳೂವರಿಗೇ ಬಂದೆ. ಸಾಲಿ ಹುಡಿಗ್ಯಾರಿಗಿ ಅರ್ಧಾ ರೇಟು. ಇವತ್ತ ದಾರ್ಯಾಗ ಬಸ್ ಎದುರ ಬಂದಿಲ್ಲ ಬಿಡ್ರಿ, ಬರೂ ಸೋಮವಾರ ಇರಬೇಕು. ಬರ್ರಿ, ಹತ್ರಿ, ನಿಮ್ಮನ್ನೂ ಸಾಲಿಗಿ ಬಿಡ್ತೇನಿ. ಖಾಲಿ ಹೋಗೂದ್ಯಾಕ?"

ಹತ್ತಿದೆ. ಅವತ್ತು ನಾನು ಪ್ರಾರ್ಥನೆಗೆ ಮೊದಲೇ ಶಾಲೆ ಮುಟ್ಟಿದೆ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ. ಹೆಡ್‌ಮಾಸ್ತರರು ಗಡಿಯಾರ ನೋಡಿ ನನ್ನನ್ನು ನೋಡಿದರು. ಇಲ್ಲದ ಬಸ್ಸಿಗೆ ಹೆದರಿ ಹೊರಟ ಗಾಡಿಯಲ್ಲಿ, ಆ ಬಸ್ಸನ್ನು ಹುಟ್ಟಿಸಿದವಳೇ ಕೂತು ಬಂದಿದ್ದೆ. ಇದನ್ನು ಯಾರಿಗೆ ಹೇಳಲಿ?

ಬುಧವಾರ ಗ್ರಂಥಾಲಯದ ಪಿರಿಯಡ್ ಬಂತು. ಒಂಬತ್ತನೆಯವರನ್ನು ಕಪಾಟಿನ ಮುಂದೆ ಕೂರಿಸಿ, ಮೂರರಲ್ಲಿ ಯಾವುದು ಸುಳ್ಳು ಎಂದು ಕೇಳಿದೆ. ಎಲ್ಲರೂ ಒಂದೇ ದನಿಯಲ್ಲಿ "ಪುಸ್ತಕ ಬಂದಾವ ಅನ್ನೂದು ಸುಳ್ಳ್ರಿ" ಎಂದರು. ಹೇಗೆ ಗೊತ್ತು ಎಂದೆ. "ಕಪಾಟಿಗಿ ಯಾವಾಗೂ ಕೀಲಿ ಇರ್ತೈತ್ರಿ. ಪುಸ್ತಕ ಬಂದಿದ್ರ ತಗೀತಿದ್ರಿಲ್ಲೋ?" ಎಂದಳು ಮುಂದಿನ ಸಾಲಿನ ಹುಡುಗಿ. ನಾನು ಸೆರಗಿನ ಕೀಲಿಕೈ ಬಿಚ್ಚಿ ಕಪಾಟು ತೆರೆದು ತೋರಿಸಿದೆ. ಅವರು ಎದ್ದು ಬಂದು, ಮುಟ್ಟಿ, ಮೂಸಿ ನೋಡಿದರು. ಇವು ಹಳೆಯವೇ, ಟೀಚರ್ ಹೊಸ ರಟ್ಟು ಹಾಕಿದ್ದಾರೆ ಎಂದು ತೀರ್ಮಾನಿಸಿದರು.

ಬಸ್ಸಿನ ಸುದ್ದಿ ಸುಳ್ಳು ಎಂದು ನಾನು ಕೊನೆಗೆ ಒಪ್ಪಿಸಲು ನೋಡಿದೆ. ಅದೇ ಹುಡುಗಿ ಬಿಡಲಿಲ್ಲ.

"ಇಲ್ರಿ ಟೀಚರ್, ಬಸ್ ಬರ್ತೈತ್ರಿ. ನಮ್ಮಪ್ಪ ಹೇಳ್ಯಾನ."

"ನಿಮ್ಮಪ್ಪಗ ಯಾರು ಹೇಳಿದ್ರು?"

"ಬೋರ್ಡ್ ಮ್ಯಾಲೆ ಬರದೈತಂತ್ರಿ."

"ಬೋರ್ಡ್ ಮ್ಯಾಲೆ ಬರೆದವರು ಯಾರು?"

"ನೀವ್ರಿ."

"ನಾನೇ ಸುಳ್ಳು ಅಂತ ಹೇಳಾಕತ್ತೇನಲ್ಲ."

"ನೀವ್ಯಾಕ ಸುಳ್ಳ ಬರೀತೀರಿ ಟೀಚರ್?" ಎಂದಳು. ಅವಳ ದನಿಯಲ್ಲಿ ನನ್ನ ಮೇಲೆ ಎಂಥ ಭರವಸೆ ಇತ್ತೆಂದರೆ, ನಾನು ತಲೆ ತಗ್ಗಿಸಿ ಪುಸ್ತಕ ಜೋಡಿಸಲು ಹತ್ತಿದೆ. ಹಿಂದಿನಿಂದ ಇನ್ನೊಬ್ಬಳು ಎದ್ದು, ಸುದ್ದಿ ಸುಳ್ಳಾಗಿಯೇ ಇಲ್ಲ ಎಂದು ವಾದಿಸಿದಳು. ಬರುವ ಸೋಮವಾರ ಎಂದು ಬರೆದಿದೆ, ಇವತ್ತು ಇನ್ನೂ ಬುಧವಾರ, ಬರುವ ಸೋಮವಾರ ಇನ್ನೂ ಬಂದೇ ಇಲ್ಲ. ಅವ್ವನ ಹೊಟ್ಟೆಯಲ್ಲಿ ಹುಟ್ಟಿ ನಾನು ತಾರೀಖು ಹಾಕದೆ ಬರೆದಿದ್ದೆ. ಅಳಿಸುವ ತನಕ ಆ ಸುದ್ದಿಗೆ ಸಾವಿಲ್ಲ.

ಹಾಗಾದರೆ ಅಳಿಸಬೇಕು. ದಿನಾ ಬೆಳಿಗ್ಗೆ ಟಂಟಂ ಇಳಿದು ಹಲಗೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದೆ, ಆಮೇಲೆ ಒಳಗೆ ಹೋಗುತ್ತಿದ್ದೆ. ಸೋಮವಾರಗಳು ಬಂದವು, ಹೋದವು. ಮಲ್ಲು ಏಳೂವರೆ ತಪ್ಪಿಸಲಿಲ್ಲ. ಸುಜಾತಾ ಶನಿವಾರ ಮಧ್ಯಾಹ್ನ ಬಂದು ಪುಸ್ತಕ ಬದಲಿಸಿಕೊಂಡು ಹೋಗುತ್ತಿದ್ದಳು. ಕಾಲೇಜು ಹೇಗಿದೆ ಎಂದರೆ "ಚಲೋ ಐತ್ರಿ" ಎನ್ನುವಳು, ಅದರ ಮೇಲೆ ಒಂದು ಅಕ್ಷರವಿಲ್ಲ. ಅವಳ ಮುಖದ ಬೆಳಕು ನೋಡಿದಾಗ ನನಗೆ ಸಮಾಧಾನವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ಭೀಮಶಿ ಬಸ್ಸನ್ನು ನಂಬಿ ಮಗಳನ್ನು ಕಳಿಸಿದವನು. ದಿನವೂ "ಇದೊಂದ ವಾರ ಟಂಟಂದಾಗ ಹೋಗವ್ವ" ಎಂದು ಹತ್ತಿಸುತ್ತಾನಂತೆ. ಸುಳ್ಳಿನ ಮೇಲೆ ಒಬ್ಬ ಹುಡುಗಿಯ ಓದು ನಿಂತಿದೆ ಎಂದು ಯೋಚಿಸಿದಾಗೆಲ್ಲ ನನ್ನ ಮಾಹಿತಿ ಸಾಕ್ಷರತೆ ಎದ್ದು ಕೂರುತ್ತಿತ್ತು. ಗಟ್ಟಿ ಗೋಡೆ ಕಟ್ಟುವ ಮನುಷ್ಯನಿಗೆ ಪೊಳ್ಳು ಪಾಯ ಹಾಕಿಕೊಟ್ಟೆನಲ್ಲ ಎನಿಸುತ್ತಿತ್ತು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಗೇಟಿನಲ್ಲಿ ಭೀಮಶಿ ಸಿಕ್ಕ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ. ಅವಳು ಆಗಷ್ಟೇ ಟಂಟಂ ಇಳಿದು ಬರುತ್ತಿದ್ದಳು. ಮಲ್ಲು ಅತ್ತ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಬಿಟ್ಟೆ. ಬಸ್ಸಿಲ್ಲ, ಇರಲೇ ಇಲ್ಲ, ಮಕ್ಕಳಿಗೆ ಪರೀಕ್ಷೆಗೆಂದು ಬರೆದದ್ದು, ಒಂದು ಸುಳ್ಳು ಎಂದು ಮೇಲೆ ಬರೆದೂ ಇತ್ತು, ತಪ್ಪು ತಿಳಿಯಬೇಡಿ.

ಭೀಮಶಿ ಹಲಗೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಮಗಳ ಕಡೆ ತಿರುಗಿದ. "ಮ್ಯಾಲಿಂದ ನನಗ ಓದಿ ಹೇಳಲಿಲ್ಲಲ್ಲವಾ?"

"ಬಸ್ಸಿಂದ ಏನ್ ಬರದಾರ ಅಂತ ಕೇಳಿದಿ ಅಪ್ಪ. ಅದನ್ನ ಓದೀನಿ" ಎಂದಳು ಸುಜಾತಾ. ಚೀಲದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಊರಿನಲ್ಲೆಲ್ಲ ಆ ಹಲಗೆಯನ್ನು ಪೂರಾ ಓದಿದ್ದವಳು ಅವಳೊಬ್ಬಳೇ. ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತವರು ಬೇರೆ ಯಾರೂ ಇಲ್ಲ ಎಂದು ನನಗೆ ಹೆಮ್ಮೆಯಾಯಿತು. ಹೆಮ್ಮೆಪಡಬಾರದು ಎಂದೂ ಅನಿಸಿತು.

ನಾಳೆಯಿಂದ ಹೋಗಬೇಡ ಎನ್ನುತ್ತಾನೆ, ಈಗ ಎನ್ನುತ್ತಾನೆ ಎಂದು ನಾನು ಕಾದೆ. ಅವನು ಮಗಳ ಚೀಲವನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದ. "ಇಷ್ಟ ವಜ್ಜಿ ಇರ್ತೈತೇನವ್ವ ದಿನಾ?" ಎಂದ. ಅವಳು ತಲೆ ಆಡಿಸಿದಳು. "ಹೊಂಟಾಳ ಹೋಗ್ಲಿ ಬಿಡ್ರಿ ಟೀಚರ್. ಇಷ್ಟ ದಿನ ಟಂಟಂದಾಗ ಹೋಗಿ ಬಂದಾಳ, ಏನೂ ಆಗಿಲ್ಲ. ಗಾಡಿ ಹತ್ತಸಾಕ ಅಂಜಿದವ ನಾನ, ಆಕಿ ಅಲ್ಲ" ಎಂದ. ಆಗ ಅವನು ಹತ್ತಿರ ಬಂದು, ಅಂಗಡಿಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದ: "ಆದ್ರ ಬೋರ್ಡ್ ಮಾತ್ರ ಅಳಸಬ್ಯಾಡ್ರಿ. ಬಸ್ ಇಲ್ಲಂತ ಮಲ್ಲೂಗ ಗೊತ್ತಾದ್ರ ಮತ್ತ ಹನ್ನೊಂದಕ್ಕ ಎದ್ದು ಬರ್ತಾನು."

ಅಂದರೆ ಈಗ ಏನು ಮಾಡಬೇಕು? ಸತ್ಯ ಹೇಳಿ ಹಗುರಾಗಲು ಹೋದವಳು ಗುಟ್ಟು ಹೊತ್ತುಕೊಂಡು ಬಂದೆ. ಅಳಿಸಿದರೆ ಹುಡುಗಿಯ ಕಾಲೇಜು ಹೋಗುತ್ತದೆ. ಬಿಟ್ಟರೆ ಮಲ್ಲುವಿಗೆ ಮೋಸ, ಆದರೆ ಆ ಮೋಸದಿಂದ ಅವನ ಗಾಡಿ ಬೆಳಿಗ್ಗೆ ತುಂಬಿ ಹೋಗಿ ತುಂಬಿ ಬರುತ್ತಿದೆ. ತರಬೇತಿಯ ತರುಣನಿಗೆ ಫೋನು ಮಾಡೋಣವೆಂದುಕೊಂಡೆ. ಏನೆಂದು ಕೇಳುವುದು? ಕೊನೆಗೆ ನನಗೆ ತಿಳಿದ ಒಂದು ದಾರಿ ಹಿಡಿದೆ. ಮಳೆಗೆ ಅಕ್ಷರಗಳು ಮಾಸಿದ್ದವು. ಸೀಮೆಸುಣ್ಣ ತೆಗೆದುಕೊಂಡು ಎಲ್ಲವನ್ನೂ ತಿದ್ದಿದೆ. ಮೇಲಿನ ಸಾಲನ್ನು, ಒಂದು ಸುಳ್ಳು ಎಂಬುದನ್ನು, ಎಲ್ಲಕ್ಕಿಂತ ದಪ್ಪಗೆ ಬರೆದೆ. ಕಣ್ಣಿದ್ದವರು ಓದಿಕೊಳ್ಳಲಿ, ನನ್ನ ಮೇಲೆ ಋಣ ಬೇಡ. ಕೈ ತಾರೀಖು ಹಾಕಲು ಹೋಯಿತು. ಹಾಕಲಿಲ್ಲ.

ಮರುದಿನ ಸಂಜೆ ಮಲ್ಲು ಹುಡುಗಿಯರನ್ನು ತುಂಬಿಕೊಂಡು ಗೇಟಿಗೆ ಬಂದ. ನಾನು ಸಿಂದಗಿಗೆ ಹೋಗಲು ಕಾಯುತ್ತಿದ್ದೆ. ಅವನ ಕಣ್ಣು ಹಲಗೆಯ ಮೇಲೆ ಬಿತ್ತು. ಗಾಡಿ ಬಂದ್ ಮಾಡಿ, ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತು, ತುಟಿ ಆಡಿಸುತ್ತ ಮೇಲಿನಿಂದ ಕೆಳಗಿನ ತನಕ ಓದಿದ. ನಾನು ಗಾಡಿ ಹತ್ತಲು ಎತ್ತಿದ ಕಾಲನ್ನು ಕೆಳಗಿಟ್ಟೆ.

"ಟೀಚರ್, ಇದರಾಗ ಒಂದು ಸುಳ್ಳ ಐತಂತಲ್ರಿ" ಎಂದ. "ಯಾವ್ದ್ರಿ?"

ಯಾರು ಹೇಳಿದರು, ಹೇಗೆ ಗೊತ್ತು ಎಂದು ಇಷ್ಟು ದಿನ ಕೇಳಿಸಿದವಳಿಗೆ ಒಬ್ಬ ಮನುಷ್ಯ ಮೊದಲ ಸಲ ಸರಿಯಾದ ಪ್ರಶ್ನೆ ಕೇಳಿದ್ದ. ಉತ್ತರ ಕೊಡಬೇಕು. ಬಾಯಿ ತೆರೆದೆ. ಒಳಗೆ ಕೂತಿದ್ದ ಸುಜಾತಾ ನನಗಿಂತ ಮೊದಲು ಹೇಳಿದಳು.

"ಸಾಲಿಗಿ ಹೊಸಾ ಪುಸ್ತಕ ಬಂದಾವ ಅನ್ನೂದು, ಕಾಕಾ."

ಮಲ್ಲು ಹಲಗೆಯನ್ನು ಇನ್ನೊಮ್ಮೆ ನೋಡಿದ. "ಅದ ಮತ್ತ. ಪುಸ್ತಕ ಎಲ್ಲಿ ಕೊಡ್ತಾರು" ಎಂದು ನಕ್ಕು, ನನ್ನನ್ನು ಹತ್ತಲು ಹೇಳಿ ಗಾಡಿ ಚಾಲೂ ಮಾಡಲು ಹೋದ. ನಾನು ಸೆರಗಿನ ತುದಿಯ ಕೀಲಿಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಸುಜಾತಾ ನನ್ನನ್ನೇ ನೋಡುತ್ತಿದ್ದಳು. ಅವಳ ತೊಡೆಯ ಮೇಲೆ ನಮ್ಮ ಗ್ರಂಥಾಲಯದ ಹೊಸ ಪುಸ್ತಕ ತೆರೆದಿತ್ತು. ಮೆಲ್ಲಗೆ ಚೀಲವನ್ನು ಅದರ ಮೇಲೆ ಎಳೆದುಕೊಂಡಳು.